ಗಂಗವ್ವ, ಗಂಗಾಬಾಯಿ, ಗಂಗೂಬಾಯಿ: ಜತ್ತ ಸೀಮೆಯ ಸೈನಿಕರ ಕಾಗದಪತ್ರ

1943ರಲ್ಲಿ ಉಮದಿಯಿಂದಲೋ ಸಂಖದಿಂದಲೋ ಹೊರಟು ಪಲ್ಟನ್ನಿಗೆ ಭರ್ತಿಯಾದ ಒಬ್ಬ ಹುಡುಗನ ಕಾಗದದಲ್ಲಿ ಊರಿನ ಮುಂದೆ 'ಜತ್ತ ಸಂಸ್ಥಾನ' ಎಂದು ಬರೆದಿರಬೇಕು. ಡಫಳೆ ಮನೆತನದ ಆ ಸಣ್ಣ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದೊಳಗೆ ಸೇರಿಹೋಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆ ಹುಟ್ಟಿತು. ಆ ಮೇಲೆ ಅದೇ ಊರಿಂದ ಭರ್ತಿಯಾದವನ ಜಿಲ್ಲೆ ಅದು. 1960ರಲ್ಲಿ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರವಾಯಿತು, ದಕ್ಷಿಣ ಸಾತಾರಾ ಸಾಂಗ್ಲಿಯಾಯಿತು. ಅಣ್ಣ, ತಮ್ಮ, ಅಣ್ಣನ ಮಗ ಹೀಗೆ ಒಂದೇ ಮನೆಯಿಂದ ಮೂವರು ಸೈನ್ಯ ಸೇರಿದ್ದರೆ ಮೂವರ ವಿಳಾಸವೂ ಬೇರೆ ಬೇರೆ. ಮನೆಯ ಕಟ್ಟೆ ಮಾತ್ರ ಇದ್ದಲ್ಲೇ ಇತ್ತು.

ತಾಲೂಕಿನ ಹೆಸರನ್ನೂ ಒಂದೇ ಬಗೆಯಲ್ಲಿ ಯಾರೂ ಬರೆದಿಲ್ಲ. ನಮ್ಮ ಬಾಯಲ್ಲಿ ಅದು ಜತ್ತ. ಮರಾಠಿಯಲ್ಲಿ ಜತ್. ಇಂಗ್ಲಿಷಿನಲ್ಲಿ ಕೊನೆಗೆ ಒಂದು ಅಕ್ಷರ ಸೇರಿಸಿದರೆ ಒಂದು ರೂಪ, ಬಿಟ್ಟರೆ ಇನ್ನೊಂದು. ಬಿಟ್ಟ ರೂಪವನ್ನು ಉತ್ತರದ ಗುಮಾಸ್ತನೊಬ್ಬ ಓದಿದರೆ ಅವನಿಗೆ ಮೊದಲು ನೆನಪಾಗುವುದು ಜಾಟ್ ಎಂಬ ಜಾತಿ. ಆದರೂ ಊರು, ಜಿಲ್ಲೆ, ರಾಜ್ಯಗಳ ಹೆಸರು ಬದಲಾದದ್ದು ದೊಡ್ಡ ತೊಂದರೆ ಕೊಡುವುದಿಲ್ಲ. ಅದು ಸರ್ಕಾರವೇ ಮಾಡಿದ ಬದಲಾವಣೆ, ಗೆಜೆಟ್ಟಿನಲ್ಲಿ ಅಚ್ಚಾಗಿದೆ, ಯಾವ ಕಚೇರಿಯೂ ಅದನ್ನು ಅಲ್ಲಗಳೆಯದು. ಮಾಜಿ ಸೈನಿಕನ ಮನೆಯನ್ನು ನಿಜವಾಗಿ ಅಲೆದಾಡಿಸುವುದು ಯಾವ ಗೆಜೆಟ್ಟಿಗೂ ಬಾರದ ಬದಲಾವಣೆಗಳು.

ಗಂಗವ್ವ ಎಂಬ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ತವರು ಗಡಿಯಾಚೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು, ಕೊಟ್ಟದ್ದು ಜತ್ತ ತಾಲೂಕಿಗೆ. ಶಾಲೆ ಕಂಡವಳಲ್ಲ. ಗಂಡ ಸಿಪಾಯಿ. ಮದುವೆ ಮುಗಿಸಿ ರಜೆಯಿಂದ ಮರಳಿದ ಅವನು ಪಲ್ಟನ್ನಿನ ಆಫೀಸಿನಲ್ಲಿ ಹೆಂಡತಿಯ ಹೆಸರು ಹೇಳಿದ. ಗುಮಾಸ್ತ ಮರಾಠಿಯವನಾದ್ದರಿಂದ, ಹೆಂಗಸರ ಹೆಸರಿಗೆ ಗೌರವದಿಂದ 'ಬಾಯಿ' ಸೇರಿಸುವ ರೂಢಿಯಂತೆ, ಇಂಗ್ಲಿಷಿನಲ್ಲಿ 'ಗಂಗಾಬಾಯಿ' ಎಂದು ಬರೆದುಕೊಂಡ. ಊರ ರೇಷನ್ ಕಾರ್ಡಿನಲ್ಲಿ ಆಕೆ 'ಗಂಗೂಬಾಯಿ'. ಆಧಾರದವರು ಬಂದಾಗ ಆಕೆಯೇ ಬಾಯಿಬಿಟ್ಟು ಹೇಳಿದ್ದರಿಂದ ಅದರಲ್ಲಿ 'ಗಂಗವ್ವ'. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮೊದಲು, ಗಂಡನ ಹೆಸರು ನಡುವೆ. ಇದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರೂ ತಮ್ಮ ಭಾಷೆಯ ಕಿವಿಯಿಂದ ಕೇಳಿ ಬರೆದರು. ಗಂಡ ಬದುಕಿರುವಷ್ಟು ದಿನ ಈ ನಾಲ್ಕು ಹೆಸರು ಯಾರಿಗೂ ಅಡ್ಡ ಬರಲಿಲ್ಲ. ಅವನು ತೀರಿಕೊಂಡ ತಿಂಗಳು ಫ್ಯಾಮಿಲಿ ಪೆನ್ಶನ್ನಿನ ಅರ್ಜಿ ಕೊಡಲು ಹೋದಾಗ, ತಾನು ತಾನೇ ಎಂದು ಸಾಬೀತು ಮಾಡುವ ಕೆಲಸ ಆಕೆಯ ಹೆಗಲಿಗೆ ಬಿತ್ತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಗಡಿನಾಡಿನ ಸೈನಿಕರ ದಾಖಲೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಆದ ತಪ್ಪುಗಳು. ಬರೆದುಕೊಂಡದ್ದು ಕಚೇರಿ. ತಿದ್ದಿಸುವ ಭಾರ ಮಾತ್ರ ಬರೆಯಲು ಬಾರದ ಮುದುಕಿಯ ಮೇಲೆ ಬೀಳುತ್ತಿದೆ. ಇದು ಅದಲುಬದಲಾಗಬೇಕು.

ಭಾಷೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೂಲ ಇರುವುದೇ ಅಲ್ಲಿ. ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿಯ ಹಳೆಯ ದಾಖಲಾತಿ ರಿಜಿಸ್ಟರುಗಳು ಕನ್ನಡದಲ್ಲಿವೆ. ತಲಾಠಿ, ಗ್ರಾಮಸೇವಕ, ತಹಸೀಲು ಇವುಗಳ ವ್ಯವಹಾರ ಮರಾಠಿ. ಸೈನ್ಯದ ಬರವಣಿಗೆ ಇಂಗ್ಲಿಷ್, ಮಾತು ಹಿಂದಿ. ಹೀಗಾಗಿ ಒಂದು ಹೆಸರು ನಾಲ್ಕು ಭಾಷೆಗಳ ಬಾಗಿಲು ದಾಟಿಯೇ ಸೈನಿಕನ ಕಾಗದಕ್ಕೆ ಸೇರುತ್ತದೆ. ಮಾಳಪ್ಪ ಬೇರೆ, ಮಲ್ಲಪ್ಪ ಬೇರೆ; ಒಬ್ಬ ಮಾಳಿಂಗರಾಯನ ಹೆಸರಿನವನು, ಇನ್ನೊಬ್ಬ ಮಲ್ಲಯ್ಯನ ಹೆಸರಿನವನು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಈ ಎರಡೂ ಹೆಸರಿರುವುದು ಉಂಟು. ಇಂಗ್ಲಿಷಿನಲ್ಲಿ ದೀರ್ಘವೂ ಕಾಣದು, ಳಕಾರವೂ ಕಾಣದು; ಇಬ್ಬರ ನಡುವೆ ಉಳಿಯುವ ವ್ಯತ್ಯಾಸ ಒಂದು ಅಕ್ಷರದ್ದು, ಅವಸರದ ಗುಮಾಸ್ತ ಅದನ್ನೂ ಬಿಟ್ಟರೆ ಅಣ್ಣನೇ ತಮ್ಮ. ಮಾಳವ್ವ, ಮಲ್ಲವ್ವರ ಗತಿಯೂ ಇದೇ. ಇದರ ಜೊತೆಗೆ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಮರಾಠಿ ಸೀಮೆಯ ಪದ್ಧತಿ ಜತ್ತದ ಕೆಲವು ಕನ್ನಡ ಮನೆಗಳಿಗೂ ಬಂದಿದೆ. ತವರಿನ ಶಾಂತವ್ವ ಅತ್ತೆಮನೆಯ ಸುನೀತಾ ಆದರೆ, ತವರಿನ ಶಾಲೆಯ ಉತಾರೆಗೂ ಗಂಡನ ಮಿಲ್ಟ್ರಿ ಕಾಗದಕ್ಕೂ ನಂಟೇ ತಪ್ಪಿಹೋಗುತ್ತದೆ.

ಹುಟ್ಟಿದ ದಿನದ ಕಥೆ ಇನ್ನೂ ಹಳೆಯದು. ನಮ್ಮ ಕಡೆಯ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದು ಹುಟ್ಟಿದವರು, ಕಾಗದದ ಪ್ರಕಾರ. ಶಾಲೆ ಶುರುವಾಗುವುದು ಜೂನಿನಲ್ಲಿ. ಹುಡುಗನ ಕೈ ಹಿಡಿದು ತಂದ ತಂದೆಗೆ ತಿಥಿ ನೆನಪಿಲ್ಲ, 'ದೊಡ್ಡ ಬರದ ವರ್ಷ ಹುಟ್ಟಿದ್ದ' ಎಂದಷ್ಟೇ ಗೊತ್ತು. ಹೆಡ್‌ಮಾಸ್ತರರು ಲೆಕ್ಕ ಹಾಕಿ ಜೂನ್ 1 ಎಂದು ಬರೆದರು. ಶಾಲೆಗೆ ಹೋಗದೆ ಭರ್ತಿಯಾದ ಹಿಂದಿನವರಿಗೆ ಡಾಕ್ಟರು ಮೈಕಟ್ಟು ನೋಡಿ ವಯಸ್ಸು ಅಂದಾಜಿಸುತ್ತಿದ್ದರು. ಭರ್ತಿಯಾದ ದಿನದಿಂದ ಅಷ್ಟು ವರ್ಷ ಹಿಂದೆ ಎಣಿಸಿದರೆ ಜನ್ಮದಿನ ಸಿಕ್ಕಿತು. ಆಧಾರ್ ಮಾಡಿಸುವಾಗ ಬರೀ ವಯಸ್ಸು ಹೇಳಿದವರಿಗೆ ಜನವರಿ 1 ಬಂತು. ಶಾಲೆಯದು ಜೂನ್, ಆಧಾರಿನದು ಜನವರಿ, ಸೈನ್ಯದ್ದು ಮೂರನೆಯ ಯಾವುದೋ ದಿನ.

ಈಗ ಸೈನ್ಯದ ಕಾಗದದ ದಾರಿ ನೋಡೋಣ. ಭರ್ತಿಯಾದವನ ಹೆಸರಿನಲ್ಲಿ ಶೀಟ್ ರೋಲ್ ಎಂಬ ಸೇವಾ ದಾಖಲೆ ತೆರೆಯುತ್ತದೆ. ಅದರ ಮೂಲಪ್ರತಿ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಸೈನಿಕನ ಬದುಕಿನಲ್ಲಿ ಏನಾದರೂ ನಡೆದಾಗ, ಅಂದರೆ ಮದುವೆಯಾದಾಗ, ಮಗು ಹುಟ್ಟಿದಾಗ, ಬಡ್ತಿ ಬಂದಾಗ, ಅವನ ಯೂನಿಟ್ಟು ಒಂದು 'ಪಾರ್ಟ್ ಟು ಆರ್ಡರ್' ಹೊರಡಿಸುತ್ತದೆ. ಹಳೆಯ ಸೈನಿಕರ ಬಾಯಲ್ಲಿ ಈ ಮಾತು ತಾಳಿಕಟ್ಟಿದಷ್ಟೇ ತೂಕದ್ದು. ಆ ಆರ್ಡರು ಬಿದ್ದರೆ ಸೈನ್ಯದ ಲೆಕ್ಕದಲ್ಲಿ ಮದುವೆಯಾಯಿತು, ಬೀಳದಿದ್ದರೆ ಇಲ್ಲ. ನಿವೃತ್ತಿಯ ಹೊತ್ತಿಗೆ ಶೀಟ್ ರೋಲಿನಲ್ಲಿ ಏನಿದೆಯೋ ಅದು ಡಿಸ್ಚಾರ್ಜ್ ಬುಕ್ಕಿಗೂ ಪಿಪಿಒ ಎಂಬ ಪೆನ್ಶನ್ ಆದೇಶಕ್ಕೂ ಇಳಿಯುತ್ತದೆ. ಸಿಪಾಯಿಯಿಂದ ಸುಭೇದಾರನವರೆಗೆ ಎಲ್ಲರ ಪಿಪಿಒ ಹೊರಡುವುದು ಅಲಹಾಬಾದಿನ, ಈಗಿನ ಪ್ರಯಾಗರಾಜದ, ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ. ಮೊದಲ ದಿನ ತಪ್ಪಿದ ಒಂದು ಅಕ್ಷರ ಹೀಗೆ ಮೂರು ಕಾಗದ ದಾಟಿ ಅಲ್ಲಿಗೆ ತಲುಪುತ್ತದೆ. ಯಾರೂ ನಡುವೆ ನಿಲ್ಲಿಸಿ 'ಇದು ಸರಿಯೇನವ್ವಾ' ಎಂದು ಮನೆಯವಳನ್ನು ಕೇಳುವುದಿಲ್ಲ.

ತಿದ್ದುವ ದಾರಿಯೂ ಹೀಗೆಯೇ ಹಿಂದಕ್ಕೆ ನಡೆಯಬೇಕು. ಅರ್ಜಿ, ನೋಟರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಪಿಪಿಒ ಮತ್ತು ಡಿಸ್ಚಾರ್ಜ್ ಬುಕ್ಕಿನ ನಕಲು, ಗಂಡಹೆಂಡಿರ ಜೋಡಿ ಫೋಟೋ, ಆಧಾರ್, ಪ್ಯಾನ್, ಗ್ರಾಮ ಪಂಚಾಯತಿಯ ದಾಖಲೆ, ಹೆಸರು ಪೂರ್ತಿ ಬೇರೆಯಾಗಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ: ಇವೆಲ್ಲವೂ ಸಾಂಗ್ಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಹೋಗಬೇಕು. ಅಲ್ಲಿ ಒಪ್ಪಿಗೆಯಾದರೆ ಶೀಟ್ ರೋಲ್ ತಿದ್ದಿ, ಪ್ರಯಾಗರಾಜಕ್ಕೆ ಬರೆದು, 'ಕೊರಿಜೆಂಡಮ್ ಪಿಪಿಒ' ಎಂಬ ತಿದ್ದುಪಡಿ ಆದೇಶ ತರಿಸುತ್ತಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯವನಾದರೆ ರೆಕಾರ್ಡ್ ಆಫೀಸು ಬೆಳಗಾವಿಯಲ್ಲಿದೆ; ಕನ್ನಡ ಮರಾಠಿ ಎರಡೂ ನಡೆಯುವ ಊರು, ಜತ್ತದವನು ಅಥಣಿ ದಾಟಿ ಹೋಗಿಬರಬಹುದು. ಜತ್ತದವರೆಲ್ಲ ಮರಾಠಾ ಪಲ್ಟನ್ನಿನವರಲ್ಲ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಬಾಂಬೆ ಸ್ಯಾಪರ್ಸ್ ಆದರೆ ಖಡಕಿ, ತೋಪಖಾನೆಯಾದರೆ ನಾಶಿಕ ರೋಡ್, ಇಎಂಇ ಎಂಬ ಯಂತ್ರ ದುರಸ್ತಿ ಕೋರ್ ಆದರೆ ಸಿಕಂದರಾಬಾದ್, ಸಿಗ್ನಲ್ಸ್ ಆದರೆ ಜಬಲ್ಪುರ, ಮೆಡಿಕಲ್ ಕೋರ್ ಆದರೆ ಲಖನೌ, ಡಿಎಸ್‌ಸಿ ಎಂಬ ರಕ್ಷಣಾ ಭದ್ರತಾ ದಳವಾದರೆ ಕಣ್ಣೂರು. ಗುಡ್ಡಾಪುರದ ದಾನಮ್ಮನ ಗುಡಿಯಾಚೆಗೆ ಒಂಟಿಯಾಗಿ ಪ್ರಯಾಣ ಮಾಡದ ವಿಧವೆಗೆ ಜಬಲ್ಪುರದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದ 'ಆಕ್ಷೇಪಣೆ' ಪತ್ರ ಬಂದರೆ, ಅದನ್ನು ಓದಿ ಹೇಳುವವರನ್ನು ಹುಡುಕುವುದೇ ಮೊದಲ ಕೆಲಸವಾಗುತ್ತದೆ.

ಅಲಹಾಬಾದಿನ ಹೆಸರು 2018ರಲ್ಲಿ ಬದಲಾಯಿತು, ಬೆಳಗಾವಿಯದು 2014ರಲ್ಲಿ. ಹಳೆಯ ಹೆಸರಿನಲ್ಲಿ ಹೊರಟ ಲಕ್ಷಾಂತರ ಆದೇಶಗಳು ಅದರಿಂದ ರದ್ದಾಗಲಿಲ್ಲ, ಆಗಬಾರದಾಗಿತ್ತು ಕೂಡ. ಊರುಗಳಿಗೆ ತೋರಿದ ಅದೇ ತಿಳಿವಳಿಕೆಯನ್ನು ಗಂಗವ್ವನ ಹೆಸರಿಗೂ ತೋರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. 'ಅವ್ವ', 'ಬಾಯಿ' ಎರಡೂ ಹೆಣ್ಣಿಗೆ ಕೊಡುವ ಮರ್ಯಾದೆಯ ಮಾತು, ಹೆಸರಿನ ತಿರುಳು ಒಂದೇ ಎಂದು ಒಂದು ಸುತ್ತೋಲೆ ಹೊರಡಿಸಿದರೆ ಗಡಿ ಜಿಲ್ಲೆಗಳ ಎಷ್ಟೋ ಕಡತಗಳು ಅಂದೇ ಮುಚ್ಚುತ್ತವೆ.

2021ರಿಂದ ಈಚೆಗೆ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ದೇಶದ ಮೂವತ್ತು ಲಕ್ಷಕ್ಕೂ ಹೆಚ್ಚು ರಕ್ಷಣಾ ಪಿಂಚಣಿದಾರರ ಲೆಕ್ಕವನ್ನು ಬ್ಯಾಂಕುಗಳಿಂದ ತೆಗೆದು ಒಂದೇ ಕಡೆ ತಂದದ್ದು ದೊಡ್ಡ ಕೆಲಸ. ಪೆನ್ಶನ್ ಎಷ್ಟು, ಏಕೆ ಎಂದು ಸೈನಿಕನೇ ಮೊಬೈಲಿನಲ್ಲಿ ನೋಡಬಹುದು. ಹೆಸರು, ದಿನಾಂಕ ತಿದ್ದಲು ಅಲ್ಲಿಂದಲೇ ಕೋರಿಕೆ ಹಾಕಬಹುದು. ಪಕ್ಕದ ಊರಿನ ಸಾಮಾನ್ಯ ಸೇವಾ ಕೇಂದ್ರದಲ್ಲೂ ನೆರವು ಸಿಗುತ್ತದೆ. ಆದರೆ ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ. ಹಿಂದೆ ಊರ ಬ್ಯಾಂಕಿನ ಮ್ಯಾನೇಜರು ಅಜ್ಜಿಯ ಮುಖ ನೋಡಿ, ಹೆಬ್ಬೆಟ್ಟು ತೆಗೆದುಕೊಂಡು, ಜೀವಂತ ಪ್ರಮಾಣಪತ್ರಕ್ಕೆ ಮುದ್ರೆ ಒತ್ತುತ್ತಿದ್ದ. ಆಧಾರಿನ ಹೆಸರಿಗೂ ಪಿಪಿಒ ಹೆಸರಿಗೂ ಅಕ್ಷರ ಹೊಂದದಿದ್ದರೆ ಈಗ ಆ ಪ್ರಮಾಣಪತ್ರ ಅಲ್ಲೇ ನಿಲ್ಲುತ್ತದೆ, ಅದರ ಹಿಂದೆಯೇ ಪೆನ್ಶನ್ ನಿಲ್ಲುತ್ತದೆ. ನಲವತ್ತು ವರ್ಷ ಟ್ರಂಕಿನ ತಳದಲ್ಲಿ ಮಲಗಿದ್ದ ತಪ್ಪು ಇವತ್ತು ಎದ್ದು ಬರುತ್ತಿರುವುದು ಈ ಕಾರಣಕ್ಕೆ.

ಹಣದ ಲೆಕ್ಕ ಹೇಳದೆ ಇದರ ತೀವ್ರತೆ ತಿಳಿಯದು. ಆರನೆಯ ವೇತನ ಆಯೋಗದ ಬಳಿಕ 80 ವರ್ಷ ತುಂಬಿದ ಪಿಂಚಣಿದಾರರಿಗೂ ವಿಧವೆಯರಿಗೂ ಮೂಲ ಪೆನ್ಶನ್ನಿನ ಮೇಲೆ 20 ಪ್ರತಿಶತ ಹೆಚ್ಚು ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಪೆನ್ಶನ್ನಿನಷ್ಟೇ ಇನ್ನೊಂದು ಪಾಲು. ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಜನ್ಮದಿನಾಂಕದ ಜಾಗ ಎಷ್ಟೋ ಕಡೆ ಖಾಲಿ ಇದೆ. ಖಾಲಿ ಜಾಗಕ್ಕೆ ಎಂದೂ ಎಂಬತ್ತು ತುಂಬುವುದಿಲ್ಲ. ಮೊಮ್ಮಗನಿಗೆ ಮೀಸೆ ಬಂದು ಮರಿಮಗ ಶಾಲೆಗೆ ಹೋಗುತ್ತಿದ್ದರೂ ಕಾಗದದಲ್ಲಿ ಅಜ್ಜಿಗೆ ವಯಸ್ಸೇ ಇಲ್ಲ. ಇಂಥವರಿಗೆ ಆಧಾರ್, ಪ್ಯಾನ್, ಮತದಾರರ ಚೀಟಿಯಂಥ ಪುರಾವೆಗಳನ್ನು ಒಪ್ಪಿಕೊಳ್ಳಲು ಅವಕಾಶವಿದೆ. ಅರ್ಜಿ ಹಾಕಬೇಕೆಂಬುದೇ ಹಳ್ಳಿಗೆ ತಲುಪಿಲ್ಲ.

ಇಲ್ಲಿ ಒಂದು ಭೇದ ಮುಖ್ಯ. ಸೇವೆಯಲ್ಲಿರುವವನು ಇನ್ನೆರಡು ವರ್ಷ ದುಡಿಯಲೆಂದು ಕೊನೆಗಾಲದಲ್ಲಿ ಜನ್ಮದಿನಾಂಕ ತಿದ್ದಲು ಕೇಳುವುದು ಬೇರೆ. ಅಂಥ ಕೋರಿಕೆಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ಕೇಂದ್ರದ ನೌಕರರು ಸೇವೆ ಸೇರಿದ ಐದು ವರ್ಷದೊಳಗೆ ಕೇಳಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಇದರ ದೊಡ್ಡ ಉದಾಹರಣೆ ಜನರಲ್ ವಿ.ಕೆ. ಸಿಂಗ್. ಅವರ ಜನ್ಮದಿನ ಸೈನ್ಯದ ಒಂದು ಶಾಖೆಯಲ್ಲಿ 1951ರ ಮೇ 10, ಇನ್ನೊಂದರಲ್ಲಿ 1950ರ ಮೇ 10. ಹುಡುಗನಾಗಿದ್ದಾಗ ತುಂಬಿದ ಅರ್ಜಿಯಲ್ಲಿ ಸೇರಿದ ಆ ಒಂದು ವರ್ಷ, ಅವರು ಭೂಸೇನಾ ಮುಖ್ಯಸ್ಥರಾದ ಮೇಲೂ ಬಗೆಹರಿಯಲಿಲ್ಲ. ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಫೆಬ್ರುವರಿಯಲ್ಲಿ ಅರ್ಜಿ ಹಿಂದೆಗೆದುಕೊಂಡು, ಅದೇ ವರ್ಷದ ಮೇ 31ಕ್ಕೆ 1950ರ ಲೆಕ್ಕದಲ್ಲೇ ನಿವೃತ್ತರಾದರು. ಸೇನೆಯ ಅತ್ಯುನ್ನತ ಅಧಿಕಾರಿಯ ದಾಖಲೆಯಲ್ಲೇ ಎರಡು ದಿನಾಂಕ ಮೂರು ದಶಕಕ್ಕೂ ಮೀರಿ ಪಕ್ಕಪಕ್ಕದಲ್ಲಿ ಬದುಕಿದ್ದವು ಎಂದ ಮೇಲೆ ಸಂಖದ ಹವಾಲ್ದಾರನ ಮಾತೇನು? ಆದರೆ ಎಂಬತ್ತು ದಾಟಿದ ವಿಧವೆ ತನ್ನ ವಯಸ್ಸು ಬರೆಯಿರಿ ಎಂದು ಕೇಳುವುದರಿಂದ ಯಾರ ಬಡ್ತಿಯೂ ತಪ್ಪುವುದಿಲ್ಲ, ಯಾರ ಸೇವೆಯೂ ಉದ್ದವಾಗುವುದಿಲ್ಲ. ಎರಡಕ್ಕೂ ಒಂದೇ ಅನುಮಾನದ ಕನ್ನಡಕ ಹಾಕಿ ನೋಡುವುದು ತಪ್ಪು.

ಕಾನೂನು ಇತ್ತೀಚಿನ ದಶಕಗಳಲ್ಲಿ ಸೈನಿಕನ ಕಡೆ ಸ್ವಲ್ಪ ವಾಲಿದೆ. ನಿವೃತ್ತಿಯ ಬಳಿಕ ಮದುವೆಯಾದವಳಿಗೆ ಫ್ಯಾಮಿಲಿ ಪೆನ್ಶನ್ ಇಲ್ಲವೆಂಬ ಹಳೆಯ ಕಟ್ಟಳೆ 1989ರ ಭಗವಂತಿ ಪ್ರಕರಣದಲ್ಲಿ ಬಿದ್ದುಹೋಯಿತು. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಮುಂಬಯಿಯಲ್ಲಿ ಪೀಠವಿದೆ. ಜತ್ತದವರ ಅರ್ಜಿ ಅಲ್ಲಿಗೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2013ರ ಧರ್ಮವೀರ್ ಸಿಂಗ್ ತೀರ್ಪು. ಸಿಗ್ನಲ್ಸ್‌ನ ಆ ಸೈನಿಕನನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಮನೆಗೆ ಕಳಿಸಿದ್ದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯದ ಪೆನ್ಶನ್ ಕೊಟ್ಟಿರಲಿಲ್ಲ. ಭರ್ತಿಯಾಗುವಾಗ ಅವನಿಗೆ ಕಾಯಿಲೆ ಇತ್ತೆಂದು ಯಾವ ಟಿಪ್ಪಣಿಯೂ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಬಂದನೆಂದು ತಿಳಿಯಬೇಕು, ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕು, ಸಾಬೀತಿನ ಹೊಣೆ ಅವನದಲ್ಲ ಎಂದಿತು ಸುಪ್ರೀಂ ಕೋರ್ಟು. ಈ ನಿಯಮಗಳನ್ನು 2023ರಲ್ಲಿ ಹೊಸದಾಗಿ ಬರೆಯಲಾಗಿದೆ. ಹಾಗಿದ್ದರೂ ತೀರ್ಪಿನ ಒಳತಿರುಳು ದೊಡ್ಡದು: ಕಚೇರಿ ಬರೆಯದೆ ಬಿಟ್ಟದ್ದನ್ನು ಸೈನಿಕನ ವಿರುದ್ಧ ಓದಬಾರದು. ಕಾಯಿಲೆಗೆ ಸಲ್ಲುವ ಈ ತತ್ವ ಹೆಂಡತಿಯ ಹೆಸರಿಗೆ, ವಯಸ್ಸಿಗೆ ಏಕೆ ಸಲ್ಲಬಾರದು?

ಇದೇ ಕಾನೂನಿನಲ್ಲಿ ತಡಕ್ಕೆ ದಂಡವೂ ಇದೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, ಪೆನ್ಶನ್ ತಪ್ಪಾಗಿ ನಿಂತದ್ದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯವಾದ್ದರಿಂದ ತಡವಾಗಿ ಬಂದವನನ್ನೂ ಕೋರ್ಟು ವಾಪಸು ಕಳಿಸಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಜೊತೆಗೇ, ಹಿಂಬಾಕಿಯನ್ನು ಅರ್ಜಿಗೆ ಮುಂಚಿನ ಸುಮಾರು ಮೂರು ವರ್ಷಕ್ಕೆ ಕಟ್ಟಿಹಾಕಿತು. ಇಪ್ಪತ್ತು ವರ್ಷ ಪೆನ್ಶನ್ ಇಲ್ಲದೆ ಕಳೆದವಳಿಗೆ ಗೆದ್ದರೂ ಹದಿನೇಳು ವರ್ಷದ್ದು ಹೋದಂತೆ. ತನ್ನ ಹಕ್ಕು ಗೊತ್ತಿದ್ದೂ ಸುಮ್ಮನಿದ್ದವರಿಗೆ ಈ ಮಿತಿ ಹಾಕಿದರೆ ಒಪ್ಪಬಹುದು. ರೆಕಾರ್ಡಿನಲ್ಲಿ ಹೆಸರು ತಪ್ಪಿದೆ ಎಂಬುದೇ ಯಾರೂ ತಿಳಿಸದವಳಿಗೆ ಹಾಕುವುದು ನನ್ನ ಮನಸ್ಸಿಗೆ ಒಪ್ಪಿಲ್ಲ.

ಅಮೆರಿಕದವರು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ತಿಳಿಯಬೇಕಾದದ್ದು. ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಅಲ್ಲಿ ಒಬ್ಬೊಬ್ಬ ಸೈನಿಕನ ದಾಖಲೆ ತಿದ್ದಲು ಸಂಸತ್ತೇ ಖಾಸಗಿ ಮಸೂದೆ ಪಾಸು ಮಾಡಬೇಕಾಗುತ್ತಿತ್ತು. 1946ರ ಕಾನೂನು ಆ ಭಾರ ಇಳಿಸಿ, ಸೇನೆಯ ದಾಖಲೆಗಳನ್ನು ತಿದ್ದುವುದಕ್ಕೆಂದೇ ನಾಗರಿಕರ ಮಂಡಳಿಗಳಿಗೆ ದಾರಿ ಮಾಡಿತು. ಬರೀ ತಪ್ಪನ್ನು ತಿದ್ದುವುದಷ್ಟೇ ಅವುಗಳ ಕೆಲಸವಲ್ಲ, ಅನ್ಯಾಯವನ್ನು ಸರಿಪಡಿಸುವ ಅಧಿಕಾರವೂ ಇದೆ. ಮೂರು ವರ್ಷದ ಗಡುವಿದ್ದರೂ ನ್ಯಾಯಕ್ಕಾಗಿ ಅದನ್ನು ಬಿಟ್ಟುಕೊಡಬಹುದು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟುಹೋದವು. ಕಾಗದವಿಲ್ಲ, ಆದ್ದರಿಂದ ನೀವು ಸೈನಿಕರಲ್ಲ ಎಂದು ಅವರು ಹೇಳಲಿಲ್ಲ. ಸಂಬಳದ ಚೀಟಿ, ಆಸ್ಪತ್ರೆಯ ದಾಖಲೆ, ತುಕಡಿಯ ದಿನಚರಿ ಸೇರಿಸಿ ಸೇವೆಯನ್ನು ಮತ್ತೆ ಕಟ್ಟಿಕೊಡುವ ಕೆಲಸ ಇಂದಿಗೂ ನಡೆದಿದೆ.

ನಮ್ಮಲ್ಲಿ ಬೆಂಕಿ ಬೇಕಿಲ್ಲ, ನಿಯಮವೇ ಇದೆ. ಪೆನ್ಶನ್ ಇಲ್ಲದೆ ಬಿಟ್ಟುಬಂದ ಸೈನಿಕನ ಸೇವಾಪತ್ರಗಳನ್ನು 25 ವರ್ಷವಾದ ಮೇಲೆ ನಾಶಮಾಡುತ್ತಾರೆ. ಉಳಿಯುವುದು ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರಿನ ಒಂದು ಸಾಲು: ನಂಬರು, ಹೆಸರು, ಬಂದ ದಿನ, ಹೋದ ದಿನ, ಹೋದ ಕಾರಣ. ಗಾಯವಾಗಿತ್ತೇ, ಯಾವ ಆಸ್ಪತ್ರೆಯಲ್ಲಿದ್ದ, ಮೆಡಿಕಲ್ ಬೋರ್ಡು ಏನು ಹೇಳಿತು ಎಂಬುದೆಲ್ಲ ಹೋಯಿತು. ಆ ಮೇಲೆ ನ್ಯಾಯಮಂಡಳಿಯ ಮುಂದೆ ಸರ್ಕಾರದ ಉತ್ತರ, ಕಾಗದ ನಿಯಮದಂತೆ ನಾಶವಾಗಿದೆ ಎಂಬುದು. ನಾಶಮಾಡುವ ಮೊದಲು ಮನೆಗೊಂದು ನಕಲು ಕಳಿಸಿ ಎಂಬ ಒಂದು ಸಾಲನ್ನು ನಿಯಮಕ್ಕೆ ಸೇರಿಸುವುದು ಇಂದಿನ ಸ್ಕ್ಯಾನರುಗಳ ಕಾಲದಲ್ಲಿ ಕಷ್ಟದ ಮಾತಲ್ಲ.

ಹಳ್ಳಿಯ ಹಳೆಯ ಸೈನಿಕನಿಗೆ ಮಕ್ಕಳ ಜನ್ಮದಿನ ಮರೆತರೂ ತನ್ನ ಸೈನ್ಯದ ನಂಬರು ಮರೆಯುವುದಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹಿಂದಿಯಲ್ಲಿ ಅಂಕಿ ಅಂಕಿ ಬಿಡಿಸಿ ಹೇಳುತ್ತಾನೆ. ಅದರ ಬೆಲೆ ದೊಡ್ಡದು. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಏರಿದ 18ನೆಯ ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವರಿಗೆ ಪರಮವೀರ ಚಕ್ರವನ್ನು ಮೊದಲು ಮರಣೋತ್ತರವಾಗಿ ಘೋಷಿಸಿದ್ದರು. ತೀರಿಕೊಂಡದ್ದು ಅದೇ ಹೆಸರಿನ ಇನ್ನೊಬ್ಬ. ಯಾದವರು ಆಸ್ಪತ್ರೆಯಲ್ಲಿ ಗುಣವಾಗುತ್ತಿದ್ದರು. ದೇಶದ ಅತ್ಯುಚ್ಚ ಶೌರ್ಯ ಪ್ರಶಸ್ತಿಯ ಪಟ್ಟಿಯಲ್ಲೇ ಹೆಸರೊಂದು ಹೀಗೆ ಎಡವಬಹುದಾದರೆ, ಓಣಿಗೆ ಮೂವರು ಸಿದ್ದಪ್ಪರಿರುವ ನಮ್ಮ ಊರುಗಳಲ್ಲಿ ನಂಬರನ್ನೇ ಆಧಾರವಾಗಿ ಹಿಡಿದು ಹೆಸರನ್ನು ಸಡಿಲವಾಗಿ ಓದುವುದು ವಿವೇಕದ ಕೆಲಸ.

ಇನ್ನೂ ಹಿಂದಕ್ಕೆ ಹೋದರೆ ಹೆಸರು ತಪ್ಪುವ ಪ್ರಶ್ನೆಯೂ ಏಳುವುದಿಲ್ಲ, ಹೆಸರೇ ಇರುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಕ್ಕೆ ಹೋದ ಮರಾಠಾ ಪಲ್ಟನ್ನುಗಳಲ್ಲಿ 103, 110 ಮತ್ತು 117ನೆಯವು ಕೂತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1916ರ ಏಪ್ರಿಲ್ 29ರಂದು ಅಲ್ಲಿಯ ಸೈನ್ಯ ಶರಣಾಯಿತು, ಸೆರೆಯಾದವರಲ್ಲಿ ಬಹಳ ಜನ ಮರಳಲಿಲ್ಲ. ಬಸ್ರಾದ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ಸಿಪಾಯಿಗಳನ್ನು ಇಂತಿಷ್ಟು ಮಂದಿ ಎಂದು ಸಂಖ್ಯೆಯಲ್ಲಿ ನಮೂದಿಸಿದರು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರಲ್ಲಿ ತಾನೇ ತನಿಖೆ ಮಾಡಿಸಿ ಒಪ್ಪಿಕೊಂಡಿತು: ಏಷ್ಯಾ, ಆಫ್ರಿಕಾದ 45,000ದಿಂದ 54,000 ಮೃತರನ್ನು ಸಮಾನವಾಗಿ ಸ್ಮರಿಸಲಿಲ್ಲ, ಕನಿಷ್ಠ 1,16,000 ಮಂದಿಯ, ಬಹುಶಃ 3,50,000ದವರೆಗಿನವರ, ಹೆಸರನ್ನೇ ದಾಖಲಿಸಲಿಲ್ಲ. ನೂರು ವರ್ಷ ಕಳೆದರೂ ಸಾಕ್ಷ್ಯ ತಂದುಕೊಟ್ಟರೆ ಹೆಸರು ಸೇರಿಸುವ, ತಿದ್ದುವ ಬಾಗಿಲನ್ನು ಆ ಆಯೋಗ ತೆರೆದಿಟ್ಟಿದೆ. ಲಾಹೋರ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದ ರಿಜಿಸ್ಟರುಗಳಿಂದ ಪಂಜಾಬಿನ ಸುಮಾರು 3,20,000 ಸೈನಿಕರ ವಿವರ ಊರುವಾರು ಹೊರಬರುತ್ತಿದೆ. ಕೃಷ್ಣಾ ತೀರದಿಂದ ಭೀಮಾ ತೀರದವರೆಗಿನ ನಮ್ಮ ಸೀಮೆಗೂ ಅಂಥ ಕೆಲಸವಾಗಬೇಕು. ಕೆಲವು ಊರುಗಳಲ್ಲಿ ಗೋಡೆಗೆ ಹಾಕಿದ ಅಮೃತಶಿಲೆಯ ಚಿಕ್ಕ ಫಲಕ ಬಿಟ್ಟರೆ ಆ ಹುಡುಗರ ಗುರುತಿಲ್ಲ.

ಮತ್ತೆ ಜತ್ತಕ್ಕೆ ಬರೋಣ. ನೀರಿಗಾಗಿ ಬೇಸತ್ತ ಇಲ್ಲಿಯ ಹಳ್ಳಿಗಳು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳ ಸುದ್ದಿಯಲ್ಲಿದ್ದವು. ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ಜೋರಾಗಿ ನಡೆಯಿತು. ಸೈನಿಕನ ಕಾಗದದ ಮಟ್ಟಿಗೆ ಆ ವಾದ ತೀರುವವರೆಗೆ ಕಾಯಬೇಕಿಲ್ಲ. ಸೈನ್ಯ ಕೇಂದ್ರದ್ದು, ಪೆನ್ಶನ್ ಕೇಂದ್ರದ್ದು. ಆದರೆ ಪುರಾವೆಗಳು ಎರಡೂ ರಾಜ್ಯದಲ್ಲಿ ಹಂಚಿಹೋಗಿವೆ: ಗಂಡನ ಶಾಲೆಯ ಉತಾರೆ ಸಾಂಗ್ಲಿ ಜಿಲ್ಲೆಯಲ್ಲಿ, ಹೆಂಡತಿಯದು ವಿಜಯಪುರ ಜಿಲ್ಲೆಯಲ್ಲಿ. ಎರಡು ಜಿಲ್ಲೆಗಳ ಸೈನಿಕ ಕಲ್ಯಾಣ ಕಚೇರಿಗಳು ತಮ್ಮತಮ್ಮೊಳಗೆ ಪತ್ರ ಬರೆದು ತರಿಸಿಕೊಂಡರೆ ಮುದುಕಿಯ ನಾಲ್ಕು ಬಸ್ಸಿನ ಪ್ರಯಾಣ ಉಳಿಯುತ್ತದೆ. ಇನ್ನೊಂದು ಆತಂಕ ನನ್ನನ್ನು ಬಿಡದೆ ಕಾಡುತ್ತದೆ. ಗಡಿಯ ಕನ್ನಡ ಶಾಲೆಗಳಲ್ಲಿ ಕನ್ನಡ ಓದಬಲ್ಲ ಮಾಸ್ತರರು ಕಡಿಮೆಯಾದರೆ, ಕಪಾಟಿನಲ್ಲಿರುವ ಐವತ್ತರ, ಅರವತ್ತರ ದಶಕದ ರಿಜಿಸ್ಟರುಗಳನ್ನು ಓದಿ ಉತಾರೆ ಬರೆದುಕೊಡುವವರು ಯಾರು? ಮೂಲ ಹೆಸರು ಮಾಳಪ್ಪನೋ ಮಲ್ಲಪ್ಪನೋ ಎಂಬುದಕ್ಕೆ ಕೊನೆಯ ಸಾಕ್ಷಿ ಆ ಕನ್ನಡದ ಪುಟ. ಅವುಗಳ ಫೋಟೋ ತೆಗೆದಿಡುವುದು ಈ ವರ್ಷವೇ ಆಗಬೇಕಾದ ಕೆಲಸ.

ಸೈನಿಕ ಬದುಕಿರುವಾಗಲೇ ಆಗಬೇಕಾದದ್ದೂ ಇದೆ. ಅವನ ಮಾತಿಗೆ, ಸಹಿಗೆ ರೆಕಾರ್ಡ್ ಆಫೀಸಿನಲ್ಲಿ ಬೆಲೆ ಇದೆ. ಅವನು ಹೋದ ಮೇಲೆ ಅದೇ ಮಾತನ್ನು ಹತ್ತು ಕಾಗದ ಹೇಳಬೇಕಾಗುತ್ತದೆ. ಪಿಪಿಒ, ಡಿಸ್ಚಾರ್ಜ್ ಬುಕ್ಕು, ಹೆಂಡತಿಯ ಆಧಾರ್ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರ ಹೋಲಿಸಬೇಕು, ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕೂರಿಸಿಕೊಂಡು. ಡಿಸ್ಚಾರ್ಜ್ ಬುಕ್ಕು ಗೆದ್ದಲು ತಿಂದಿದ್ದರೆ ಮಾಹಿತಿ ಹಕ್ಕಿನ ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ತನ್ನ ಸೇವಾಪತ್ರದ ನಕಲನ್ನು ರೆಕಾರ್ಡ್ ಆಫೀಸಿನಿಂದ ಕೇಳಬಹುದು. ಮೂವತ್ತು ದಿನದೊಳಗೆ ಉತ್ತರ ಕೊಡುವುದು ಅವರ ಬಾಧ್ಯತೆ. ವಕೀಲರ ನೆರವಿಗೆ ದುಡ್ಡಿಲ್ಲದವರಿಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈಯಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿ, ಜಿಲ್ಲೆಗಳ ಸೈನಿಕ ಕಚೇರಿಗಳಲ್ಲೇ ಕಾನೂನು ನೆರವು ಕೊಡಲು ಹೊರಟಿದೆ.

ರಕ್ಷಣಾ ಲೆಕ್ಕಪತ್ರದವರು ಊರೂರಿಗೆ ಬಂದು ಪೆನ್ಶನ್ ಅದಾಲತ್ತುಗಳನ್ನು ನಡೆಸುತ್ತಾರೆ. ಅಂಥದೊಂದು ಜತ್ತಕ್ಕೂ ಬರಲಿ. ಮಾರ್ಗಶಿರದಲ್ಲಿ ಯಲ್ಲಮ್ಮನ ಜಾತ್ರೆಗೆ ಸುತ್ತಿನ ಹಳ್ಳಿಗಳೆಲ್ಲ ಬಂದು ಸೇರುವ ಹೊತ್ತು ಅದಕ್ಕೆ ಒಳ್ಳೆಯದು. ಬೆಳಗಾವಿಯ ರೆಕಾರ್ಡ್ ಆಫೀಸಿನಿಂದ ಒಬ್ಬ, ಸಾಂಗ್ಲಿಯ ಸೈನಿಕ ಕಚೇರಿಯಿಂದ ಒಬ್ಬ, ವಿಜಯಪುರದಿಂದ ಒಬ್ಬ, ಒಂದು ನೋಟರಿಯ ಮೇಜು, ಸ್ಪರ್ಶ್ ತೆರೆದಿಟ್ಟ ಒಂದು ಕಂಪ್ಯೂಟರು, ಕನ್ನಡ ಮರಾಠಿ ಎರಡನ್ನೂ ಓದಿ ಇಂಗ್ಲಿಷಿನಲ್ಲಿ ಬರೆಯಬಲ್ಲ ಒಬ್ಬ ಮಾಸ್ತರು. ಆ ಮೇಜಿನ ಮುಂದೆ ಗಂಗವ್ವ ಬಂದು ಕೂತರೆ ಮೊದಲು ಗಂಡನ ನಂಬರು ಕೇಳಲಿ, ಆಮೇಲೆ ಆಕೆಯ ಹೆಸರನ್ನು ಆಕೆಯ ಬಾಯಿಂದಲೇ ಕೇಳಲಿ, ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ.